ಸುರಂಗದಲ್ಲಿ ಮೆಟ್ರೊ ನಿಂತರೆ ಏನು ಮಾಡಬೇಕು: ಹುಬ್ಬಳ್ಳಿ-ಧಾರವಾಡ ಕಡೆಯ ಪ್ರಯಾಣಿಕರಿಗೆ

ಧಾರವಾಡ, ಹುಬ್ಬಳ್ಳಿ, ಹಾವೇರಿಯಲ್ಲಿ ರೈಲು ಹತ್ತಿ ಬೆಂಗಳೂರಿನ ಕೆಎಸ್ಆರ್ ನಿಲ್ದಾಣದಲ್ಲಿ ಇಳಿದವರು ಮೆಟ್ರೊ ಹಿಡಿಯಬೇಕೆಂದರೆ ನೆಲದಡಿಗೇ ಇಳಿಯಬೇಕು. ನೇರಳೆ ಮಾರ್ಗದಲ್ಲಿ ಸಿಟಿ ರೈಲು ನಿಲ್ದಾಣದಿಂದ ಮೆಜೆಸ್ಟಿಕ್, ಸರ್ ಎಂ. ವಿಶ್ವೇಶ್ವರಯ್ಯ, ವಿಧಾನಸೌಧ, ಕಬ್ಬನ್ ಪಾರ್ಕ್ ತನಕ ಸುರಂಗ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ ನೆಲದಡಿಯಲ್ಲಿವೆ. ಊರ ಕಡೆ ಸುರಂಗ ರೈಲಿಲ್ಲದ ಕಾರಣ ಮಾಮೂಲಿ ರೈಲಿನ ಎರಡು ರೂಢಿಗಳು ನಮ್ಮ ಜೊತೆಗೇ ಬಂದುಬಿಡುತ್ತವೆ: ತೊಂದರೆಯಾದರೆ ಚೈನು ಎಳೆಯುವುದು, ರೈಲು ನಿಂತರೆ ಹಳಿಗೆ ಜಿಗಿಯುವುದು. ಸುರಂಗದಲ್ಲಿ ಈ ಎರಡೂ ಜೀವಕ್ಕೆ ಎರವಾಗಬಲ್ಲವು.

ಮೊದಲು ಚೈನಿನ ಮಾತು. ಸಾಮಾನ್ಯ ರೈಲಿನಲ್ಲಿ ಚೈನು ಎಳೆದರೆ ಬ್ರೇಕ್ ಪೈಪಿನ ಗಾಳಿಯ ಒತ್ತಡ ಇಳಿದು ಗಾಡಿ ನಿಲ್ಲುತ್ತದೆ. ಮೆಟ್ರೊದಲ್ಲಿ ಬಾಗಿಲ ಹತ್ತಿರ ಇರುವುದು ಮಾತಾಡುವ ತುರ್ತು ಗುಂಡಿ. ಒತ್ತಿದರೆ ಚಾಲಕರ ಜೊತೆ ಮಾತಾಡಬಹುದು. ಒತ್ತಿದ ಕೂಡಲೇ ರೈಲು ನಿಲ್ಲಲಿಲ್ಲವೆಂದು ಗಾಬರಿಯಾಗಬೇಡಿ, ನಿಲ್ಲದಿರುವುದೇ ಒಳ್ಳೆಯದು. ನೆಲದಡಿಯ ನಿಲ್ದಾಣಗಳ ನಡುವೆ ಸುಮಾರು ಒಂದು ಕಿಲೋಮೀಟರು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೂ ಒಂದೂವರೆ ನಿಮಿಷದಲ್ಲಿ ಮುಂದಿನ ಪ್ಲಾಟ್‌ಫಾರ್ಮ್ ಸಿಗುತ್ತದೆ. ಅಲ್ಲಿ ಒಂದು ಕಡೆಯ ಎಲ್ಲ ಬಾಗಿಲೂ ಒಟ್ಟಿಗೆ ತೆರೆಯುತ್ತವೆ, ಮೆಟ್ಟಿಲಿವೆ, ಸಿಬ್ಬಂದಿ ಇದ್ದಾರೆ. ಸುರಂಗದಲ್ಲಿ ಇವ್ಯಾವೂ ಇಲ್ಲ. ಆದ್ದರಿಂದ ಮೆಟ್ರೊ ಚಾಲಕರಿಗೆ ಸಾಮಾನ್ಯವಾಗಿ ಕಲಿಸುವ ಪಾಠ ಇದು: ಬೆಂಕಿ ಕಂಡರೂ ಆದಷ್ಟು ಮುಂದಿನ ನಿಲ್ದಾಣ ಮುಟ್ಟಿಸು.

ಗುಂಡಿ ಒತ್ತಿದಾಗ ಹೇಳಬೇಕಾದದ್ದು ಮೂರೇ ಮಾತು. ಬೋಗಿಯ ಸಂಖ್ಯೆ (ಒಳಗೋಡೆಯ ಮೇಲೆ ಬರೆದಿರುತ್ತದೆ), ಏನಾಗಿದೆ, ಯಾರಿಗಾದರೂ ಪೆಟ್ಟಾಗಿದೆಯೇ. "ಬೇಗ ಬರ್ರಿ, ಹೊಗಿ ಬರಾಕತ್ತೇತಿ" ಎಂದಷ್ಟೇ ಕೂಗಿದರೆ ಆರು ಬೋಗಿಯಲ್ಲಿ ಎಲ್ಲಿ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಹತ್ತಿದ ತಕ್ಷಣ ಆ ಸಂಖ್ಯೆಯನ್ನು ಓದಿಟ್ಟುಕೊಳ್ಳುವುದು ಒಳ್ಳೆಯ ರೂಢಿ.

ಇನ್ನು ಬೋಗಿಯಿಂದ ಬೋಗಿಗೆ ನಡೆಯುವ ದಾರಿ. ಆರು ಬೋಗಿಯ ಮೆಟ್ರೊ ಸುಮಾರು 130 ಮೀಟರು ಉದ್ದ. ನಡುವೆ ಬಾಗಿಲುಗಳಿಲ್ಲ, ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುತ್ತದೆ. ಎರಡು ಬೋಗಿ ಸೇರುವಲ್ಲಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ರಬ್ಬರಿನ ಗೋಡೆ, ಕೆಳಗೆ ಒಂದರ ಮೇಲೊಂದು ಜಾರುವ ಉಕ್ಕಿನ ತಟ್ಟೆಗಳು. ಧಾರವಾಡದಿಂದ ಬೆಂಗಳೂರಿಗೆ ಓಡುವ ವಂದೇ ಭಾರತ್‌ನಲ್ಲೂ ಇಂಥ ಮುಚ್ಚಿದ ಗ್ಯಾಂಗ್‌ವೇ ಇದೆ. ಆದರೆ ಅಲ್ಲಿ ಬೋಗಿಯ ತುದಿಗೆ ಸರಿದು ತೆರೆಯುವ ಬಾಗಿಲಿದೆ, ಮೆಟ್ರೊದಲ್ಲಿ ಅದೂ ಇಲ್ಲ. ಲಂಡನ್ ಭೂಗತ ರೈಲಿನಲ್ಲಿ ಉದ್ದಕ್ಕೂ ನಡೆದು ಹೋಗಬಹುದಾದ ಮೊದಲ ಗಾಡಿ ಬಂದದ್ದು 2010ರಲ್ಲಿ. ಅಲ್ಲಿನ ಹಳೆಯ ಆಳದ ಸುರಂಗಗಳು ಸುಮಾರು ಮೂರೂವರೆ ಮೀಟರು ಅಗಲವಷ್ಟೇ, ಪಕ್ಕದಲ್ಲಿ ಕಾಲಿಡಲೂ ಜಾಗವಿಲ್ಲ. ಜನ ರೈಲಿನ ತುದಿಯಿಂದಲೇ ಇಳಿಯಬೇಕು. ಹಾಗಾಗಿ ಬೋಗಿಯಿಂದ ಬೋಗಿಗೆ ದಾಟುವುದು ಅಲ್ಲಿ ಅನುಕೂಲದ ಮಾತಲ್ಲ, ಪಾರಾಗುವ ಮಾತು.

ಬಾಗಿಲಿಲ್ಲದಿದ್ದರೆ ಹೊಗೆಯೂ ಹರಡುವುದಿಲ್ಲವೇ? ಹರಡುತ್ತದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಮುಚ್ಚಿದ ಬೋಗಿಯಲ್ಲಿ ಹೊಗೆಯ ಜೊತೆ ಸಿಕ್ಕಿಬೀಳುವುದಕ್ಕಿಂತ ಎರಡು ಬೋಗಿ ಆಚೆ ನಡೆದು ಹೋಗುವುದು ಮೇಲು. ನಾವು ಈ ವಿನ್ಯಾಸದ ಪರವಾಗಿರುವುದು ಅದಕ್ಕೇ.

ಈ ದಾರಿ ಕೆಡುವುದು ಸಾಮಾನಿನಿಂದ. ಊರಿಂದ ಹೋಗುವಾಗ ಸೂಟ್‌ಕೇಸು, ರೊಟ್ಟಿಯ ಗಂಟು, ಪೇಡೆಯ ಡಬ್ಬಿ ಎಲ್ಲ ಇರುತ್ತವೆ, ಖಾಲಿ ಕಾಣುವ ಗ್ಯಾಂಗ್‌ವೇಯಲ್ಲಿ ಇಡೋಣ ಅನಿಸುತ್ತದೆ. ಇಡೀ ರೈಲಿನಲ್ಲಿ ಅತಿ ಕಿರಿದಾದ ಜಾಗ ಅದೇ. ಹೊಗೆಯಲ್ಲಿ ಒಬ್ಬರು ಅಲ್ಲಿ ಎಡವಿದರೆ ಹಿಂದಿನವರೆಲ್ಲ ಮೇಲೆ ಬೀಳುತ್ತಾರೆ. ಸಾಮಾನು ಬೋಗಿಯೊಳಗೆ ಕಾಲಬುಡದಲ್ಲಿರಲಿ. ತಿರುವಿನಲ್ಲಿ ತಟ್ಟೆಗಳು ಸರಿಯುತ್ತವೆ, ಮಕ್ಕಳನ್ನು ಅವುಗಳ ಮೇಲೆ ಕೂರಿಸಬೇಡಿ, ಮಡಿಕೆಗಳ ಸಂದಿಗೆ ಬೆರಳು ಹಾಕಲು ಬಿಡಬೇಡಿ.

ಹೊಗೆ ಕಂಡರೆ ಕ್ರಮ ಹೀಗಿರಲಿ. ಗುಂಡಿ ಒತ್ತಿ ತಿಳಿಸಿ. ಅದು ಹೊಗೆಯೊಳಗಿದ್ದರೆ ಮೊದಲು ಸರಿಯಿರಿ, ಮುಂದಿನ ಬೋಗಿಯ ಗುಂಡಿ ಬಳಸಿ. ಕಂಬ ಹಿಡಿದುಕೊಂಡು, ಓಡದೆ, ಎರಡು ಬೋಗಿ ದಾಟಿ. ತೀರಾ ತುದಿಗೆ ಎಲ್ಲರೂ ನುಗ್ಗಿದರೆ ಅಲ್ಲಿ ನೂಕುನುಗ್ಗಲಾಗುತ್ತದೆ. ಹೊಗೆ ಮೇಲಿನಿಂದ ಕೆಳಗೆ ತುಂಬುತ್ತ ಬರುವುದರಿಂದ ಬಗ್ಗಿ ನಡೆಯಿರಿ. ಒದ್ದೆ ಬಟ್ಟೆ ಮಸಿಯನ್ನು ತಡೆಯುತ್ತದೆ, ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ಮೂಗಿಗೆ ಕರ್ಚೀಫು ಕಟ್ಟಿದ್ದೇನಲ್ಲ ಎಂದು ಹೊಗೆಯಲ್ಲಿ ನಿಲ್ಲಬಾರದು. 1995ರ ಅಕ್ಟೋಬರ್ 28ರಂದು ಅಜರ್‌ಬೈಜಾನಿನ ಬಾಕು ಮೆಟ್ರೊದಲ್ಲಿ ಬೆಂಕಿ ಹೊತ್ತಿದ ರೈಲು ಸುರಂಗದೊಳಗೇ ನಿಂತಿತು. ಸತ್ತ 289 ಮಂದಿಯಲ್ಲಿ ಹೆಚ್ಚಿನವರನ್ನು ಕೊಂದದ್ದು ಈ ವಿಷಗಾಳಿಯೇ.

ಬೆಂಕಿ ಚಿಕ್ಕದಾಗಿದ್ದರೆ ಬೋಗಿಯ ಅಗ್ನಿಶಾಮಕ ಸಿಲಿಂಡರ್ ಬಳಸಬಹುದು. ಪಿನ್ನು ಕಿತ್ತು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು, ಹಿಡಿಕೆ ಅದುಮಿ, ಅತ್ತಿತ್ತ ಆಡಿಸಿ. ಸಣ್ಣ ಸಿಲಿಂಡರ್ ಕೆಲವೇ ಸೆಕೆಂಡು ಬರುತ್ತದೆ, ಹಾಗಾಗಿ ದೂರದಿಂದ ಸಿಂಪಡಿಸಿ ಖಾಲಿ ಮಾಡಬೇಡಿ. ಪವರ್ ಬ್ಯಾಂಕೋ ಮೊಬೈಲೋ ಹೊತ್ತಿದ್ದರೆ ಜ್ವಾಲೆ ಆರಿದ ಮೇಲೂ ಬ್ಯಾಟರಿ ಒಳಗೆ ಕುದಿಯುತ್ತಿರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಕೈಯಲ್ಲಿ ಎತ್ತಬೇಡಿ.

ಬಾಗಿಲಿನ ಪಕ್ಕದ ತುರ್ತು ಹಿಡಿಕೆಯ ವಿಷಯದಲ್ಲಿ ಮಾತ್ರ ತಾಳ್ಮೆ ಬೇಕು. ಬಾಗಿಲು ಮುಚ್ಚಿದೆ ಎಂಬ ಸಂಕೇತ ತಪ್ಪಿದರೆ ರೈಲು ಚಲಿಸದಂತೆ ವ್ಯವಸ್ಥೆ ಇರುತ್ತದೆ. ಅಂದರೆ ಓಡುವ ರೈಲಿನಲ್ಲಿ ಅದನ್ನು ಎಳೆದವರು ಎಲ್ಲರನ್ನೂ ಸುರಂಗದಲ್ಲಿ ನಿಲ್ಲಿಸಿದಂತೆ. ಹಾಗಂತ ಆ ಹಿಡಿಕೆ ಗೊತ್ತೇ ಇರಬಾರದೆಂದಲ್ಲ. 2003ರ ಫೆಬ್ರುವರಿ 18ರಂದು ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ ಉರಿಯುತ್ತಿದ್ದ ರೈಲಿನ ಎದುರು ಪ್ಲಾಟ್‌ಫಾರ್ಮಿಗೆ ಇನ್ನೊಂದು ರೈಲು ಬಂದು ನಿಂತಿತು. ಅದರ ಚಾಲಕ ಕೀಲಿ ಕಿತ್ತುಕೊಂಡು ಹೋದ, ಬಾಗಿಲುಗಳು ಮುಚ್ಚಿಯೇ ಉಳಿದವು. 192 ಜನ ಸತ್ತರು, ಹೆಚ್ಚಿನವರು ಆ ಎರಡನೆಯ ರೈಲಿನವರು. ರೈಲು ಪ್ಲಾಟ್‌ಫಾರ್ಮಿನಲ್ಲಿ ಪೂರ್ತಿ ನಿಂತಿದೆ, ಹೊಗೆ ಬರುತ್ತಿದೆ, ಬಾಗಿಲು ತೆರೆಯುತ್ತಿಲ್ಲ ಎಂದಾದರೆ ಪ್ಲಾಟ್‌ಫಾರ್ಮಿನ ಕಡೆಯ ಹಿಡಿಕೆ ಎಳೆದು, ಎರಡೂ ಕೈಯಿಂದ ಬಾಗಿಲು ಸರಿಸಿ ಹೊರಬನ್ನಿ. ಕೂತಾಗಲೇ ಅದರ ಮೇಲಿನ ಸೂಚನೆಯನ್ನು ಒಮ್ಮೆ ಓದಿಕೊಳ್ಳಿ.

ಸುರಂಗದಲ್ಲೇ ಇಳಿಯಿರಿ ಎಂದು ಚಾಲಕರು ಘೋಷಿಸಿದರೆ

ಹುಬ್ಬಳ್ಳಿ-ಧಾರವಾಡದ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸಿನ ನೆಲ ಮತ್ತು ಬಿಆರ್‌ಟಿಎಸ್ ನಿಲ್ದಾಣದ ಕಟ್ಟೆ ಒಂದೇ ಮಟ್ಟದಲ್ಲಿರುತ್ತವೆ, ನಿಲ್ದಾಣ ಬಿಟ್ಟು ಬೇರೆಡೆ ಆ ಬಾಗಿಲಿಂದ ಇಳಿಯಲಾಗದು. ಮೆಟ್ರೊದ ನೆಲವೂ ಹಳಿಯಿಂದ ಒಂದು ಮೀಟರಿಗೂ ಹೆಚ್ಚು ಎತ್ತರ. ಕೆಳಗೆ ಹಳಿಯ ಪಕ್ಕ ಮೂರನೆಯ ಹಳಿ, ಅದರಲ್ಲಿ 750 ವೋಲ್ಟಿನ ವಿದ್ಯುತ್. ಮೇಲೆ ಹೊದಿಕೆ ಇದ್ದರೂ ಅದರ ಮೇಲೆ ಕಾಲಿಡುವ ಹಾಗಿಲ್ಲ, ರೈಲಿನ ದೀಪ ಆರಿತೆಂದ ಮಾತ್ರಕ್ಕೆ ವಿದ್ಯುತ್ ಹೋಗಿದೆ ಎಂದೂ ಅಲ್ಲ. ತೋರಿಸಿದ ಬಾಗಿಲಿನಿಂದ, ತೋರಿಸಿದ ಕಡೆಗೇ ಇಳಿಯಿರಿ.

ಪಕ್ಕದ ನಡೆದಾರಿ ಇದ್ದರೆ ಅದು ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ಹಲವು ದೇಶಗಳು ಆಧಾರವಾಗಿ ಬಳಸುವ, ಅಮೆರಿಕದ ಅಗ್ನಿಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 130 ಮಾನದಂಡ ಅದಕ್ಕೆ ಕನಿಷ್ಠ 610 ಮಿಲಿಮೀಟರು ಕೇಳುತ್ತದೆ. ಸೆಕೆಂಡಿಗೆ ಒಬ್ಬರಂತೆ ಇಳಿದರೂ ಕಿಕ್ಕಿರಿದ ರೈಲಿನ 1,500 ಜನಕ್ಕೆ 25 ನಿಮಿಷ ಹಿಡಿಯುತ್ತದೆ. ಬ್ಯಾಗು ಹೊತ್ತವರಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಸೂಟ್‌ಕೇಸು ರೈಲಿನಲ್ಲೇ ಬಿಡಿ. ಔಷಧಿ, ಕನ್ನಡಕ, ಮೊಬೈಲು ಸಾಕು.

ಯಾವ ಕಡೆ ನಡೆಯಬೇಕು? ಹತ್ತಿರದ ನಿಲ್ದಾಣದ ಕಡೆಗೆ ಅನಿಸುತ್ತದೆ, ತಪ್ಪಾಗಬಹುದು. ಸುರಂಗದ ದೊಡ್ಡ ಫ್ಯಾನುಗಳು ಒಂದು ತುದಿಯಿಂದ ಗಾಳಿ ತಳ್ಳಿ ಇನ್ನೊಂದು ತುದಿಯಿಂದ ಹೊಗೆ ಎಳೆಯುತ್ತವೆ. ಯಾವ ಕಡೆಗೆ ಎಳೆಯುವುದೆಂದು ನಿಯಂತ್ರಣ ಕೊಠಡಿ ತೀರ್ಮಾನಿಸಿ, ಜನರನ್ನು ಅದರ ವಿರುದ್ಧ ದಿಕ್ಕಿಗೆ ಕಳಿಸುತ್ತದೆ. ಮುಖಕ್ಕೆ ಗಾಳಿ ಬೀಸುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಘೋಷಣೆ ಕೇಳಿಸದಿದ್ದಾಗ ಹಿಡಿಯಬಹುದಾದ ಗುರುತು ಇದೊಂದೇ.

ಜೋಡಿ ಸುರಂಗಗಳ ನಡುವಿನ ಅಡ್ಡದಾರಿಗಳನ್ನೇ ನಂಬಿದ ಕಡೆ ಅವು 244 ಮೀಟರಿಗಿಂತ ದೂರ ಇರಬಾರದೆಂದು ಅದೇ ಮಾನದಂಡ ಹೇಳುತ್ತದೆ. ಹುಬ್ಬಳ್ಳಿಯ 1,507 ಮೀಟರಿನ ಪ್ಲಾಟ್‌ಫಾರ್ಮ್ ಕಂಡವರು ಅದರ ಆರರಲ್ಲಿ ಒಂದು ಪಾಲು ಎಂದು ಊಹಿಸಿಕೊಳ್ಳಬಹುದು, ಮೂರ್ನಾಲ್ಕು ನಿಮಿಷದ ನಡಿಗೆ. ಅಡ್ಡದಾರಿಯ ಬೆಂಕಿತಡೆ ಬಾಗಿಲು ದಾಟಿದ ಮೇಲೆ ಅದನ್ನು ಏನಾದರೂ ಇಟ್ಟು ತೆರೆದಿಡಬೇಡಿ, ಹೊಗೆ ಹಿಂದೆಯೇ ಬರುತ್ತದೆ. ಆಚೆ ಸುರಂಗದ ಹಳಿಗೂ ತಾವಾಗಿ ಇಳಿಯಬೇಡಿ, ಅಲ್ಲಿ ರೈಲು ನಿಲ್ಲಿಸಿದ್ದಾರೆಂದು ಸಿಬ್ಬಂದಿ ಹೇಳಲಿ.

ನಡೆಯಲಾಗದ ಹಿರಿಯರು ಜೊತೆಗಿದ್ದರೆ ಹೊತ್ತುಕೊಂಡು ಮುಂದೆ ನುಗ್ಗುವುದು ಬೇಡ, ಕಿರಿದಾದ ದಾರಿ ಕಟ್ಟಿಹೋಗುತ್ತದೆ. ಹೊಗೆಯಿಲ್ಲದ ಬೋಗಿಯಲ್ಲಿ ಅವರ ಜೊತೆ ಒಬ್ಬರು ಉಳಿದು, ಎಷ್ಟನೆಯ ಬೋಗಿ, ಎಷ್ಟು ಜನ ಎಂದು ಗುಂಡಿಯಲ್ಲಿ ತಿಳಿಸಿ. ಹೊರಗೆ ಹೋದವರೂ ಮೊದಲು ಕಂಡ ಸಿಬ್ಬಂದಿಗೆ ಅದನ್ನೇ ಹೇಳಿ, ವಾಪಸು ಹೋಗದೆ ಅಲ್ಲೇ ಇರಿ.