ನಲವತ್ತು ಸೆಕೆಂಡು ಕೊಡಿ ಸಾಕು: ಗೇಮ್ ಶೋ ಕೊನೆ ಎಪಿಸೋಡ್ ಬರೆದ ನನ್ನ ಅನುಭವ

ಕೊನೆಗೂ ನಾನು ಬರೆದ ಒಂದು ಕ್ವಿಜ್ ಶೋ ಫಿನಾಲೆಯಲ್ಲಿ ಕೇಕ್ ಇರಲಿಲ್ಲ, ಹೂಮಳೆ ಇರಲಿಲ್ಲ, ಆಂಕರ್ ತಾಯಿಯನ್ನು ಊರಿಂದ ಕರೆಸಿ ಸ್ಟೇಜ್ ಹತ್ತಿಸಿದ್ದೂ ಇರಲಿಲ್ಲ. ಆಂಕರ್ ಸುಮಾರು ನಲವತ್ತು ಸೆಕೆಂಡು ಮಾತಾಡಿದರು, ಕೈ ಮುಗಿದರು, ಮುಗೀತು. ಇದು ನಡೆಯೋದೇ ಇಲ್ಲ ಅಂತ ಮೀಟಿಂಗ್‌ನಲ್ಲಿ ನಕ್ಕವರೇ ಈಗ ಫೋನ್ ಮಾಡಿ "ಆ ಸ್ಕ್ರಿಪ್ಟ್ ಸ್ವಲ್ಪ ಕಳಿಸಿ ಗುರುಗಳೇ" ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆದುಬಿಡುತ್ತೇನೆ.

ಕ್ವಿಜ್, ಗೇಮ್ ಶೋಗಳಿಗೆ ಲಿಂಕ್, ಅಂದರೆ ಆಂಕರ್ ನಡುನಡುವೆ ಆಡುವ ಮಾತು, ಬರೆಯುವುದು ನನ್ನ ಹೊಟ್ಟೆಪಾಡು.  ನೇರವಾಗಿ ನನ್ನ ಹಳೆಯ ಸೋಲುಗಳಿಗೆ ಬರೋಣ.

ಮೊದಲನೆಯದು ಒಂದು ದಂಪತಿ ಗೇಮ್ ಶೋ. ಫಿನಾಲೆಗೆ ಏಳು ನಿಮಿಷದ ಎವಿ (ಪರದೆ ಮೇಲೆ ಹಾಕುವ ವಿಡಿಯೋ), ಎಲ್ಇಡಿ ವಾಲ್, ಮೂರು ಮಹಡಿ ಕೇಕ್. ಮೇಲಿಂದ ಗುಲಾಬಿ ಪಕಳೆ ಸುರಿಸಬೇಕು ಅಂತ ಆರ್ಟ್ ಡಿಪಾರ್ಟ್‌ಮೆಂಟ್‌ಗೆ ಆರ್ಡರ್. ಪಕಳೆ ಹಿಂದಿನ ರಾತ್ರಿಯೇ ಬಂದಿತ್ತು, ಎಸಿಯಲ್ಲಿ ಇಟ್ಟು ಇಟ್ಟು ಒದ್ದೆಯಾಗಿತ್ತು. ಸುರಿದಾಗ ಎರಡು ಪಕಳೆ ಆಂಕರ್ ಕಾಲರ್ ಮೈಕಿಗೆ ಅಂಟಿಕೊಂಡವು. ವಿದಾಯದ ಮಾತೆಲ್ಲ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಕೇಳಿಸಿತು. ಮತ್ತೆ ತೆಗೆಯೋಣ ಅಂದರೆ ಆಂಕರ್ ಆಗಲೇ ಅತ್ತು ಮುಗಿಸಿದ್ದರು. ಎರಡನೇ ಸಲ ಅಳು ಬರಲಿಲ್ಲ, ಗ್ಲಿಸರಿನ್ ತರಿಸಿದರು. ಎಲ್ಲ ಸೇರಿ ಒಂದೂಕಾಲು ಲಕ್ಷದ ಹತ್ತಿರ ಖರ್ಚಾಯಿತು ಅಂತ ನೆನಪು. ಪ್ರಸಾರವಾದ ಮೇಲೆ ಆ ದೃಶ್ಯದ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಗೆದ್ದ ಜೋಡಿಗೆ ಫ್ರಿಜ್ ಸಿಕ್ಕಿತಾ ಇಲ್ಲವಾ ಅಂತ ಮಾತ್ರ ಕೇಳಿದರು.

ಎರಡನೆಯದು ಮಕ್ಕಳ ಶೋ. ಅಲ್ಲಿ ವಿದಾಯವೇ ಇರಲಿಲ್ಲ. ಚಾನೆಲ್ ನಡುವೆಯೇ ನಿಲ್ಲಿಸಿತು, ಕೊನೆ ಎಪಿಸೋಡ್ ಅಂತ ಹೇಳುವುದಕ್ಕೂ ಬಿಡಲಿಲ್ಲ. ಆಂಕರ್ "ಮುಂದಿನ ವಾರ ಸಿಗೋಣ ಪುಟಾಣಿಗಳೇ" ಅಂದರು. ಮುಂದಿನ ವಾರ ಅದೇ ಹೊತ್ತಿಗೆ ತೈಲ ಮಾರುವ ಕಾರ್ಯಕ್ರಮ ಬಂತು. ನಮ್ಮ ಕಡೆ ಎಷ್ಟೋ ಶೋಗಳು ಹೀಗೇ ಸಾಯುತ್ತವೆ. ವಿದಾಯ ಹೇಳಲು ಅವಕಾಶ ಸಿಗುವುದೇ ದೊಡ್ಡದು.

ಮೂರನೆಯದಕ್ಕೆ ನಿರ್ಮಾಪಕರು ಒಬ್ಬ ಹಿರಿಯ ಕವಿಗಳಿಂದ ವಿದಾಯ ಪದ್ಯ ಬರೆಸಿದರು. ಹದಿನೈದು ಸಾವಿರ ಕೊಟ್ಟರು, ನನಗೆ ಕೊಡುತ್ತಿದ್ದದ್ದಕ್ಕಿಂತ ಜಾಸ್ತಿ. ಪದ್ಯ ಚೆನ್ನಾಗಿತ್ತು. ಆದರೆ ನಮ್ಮ ಆಂಕರ್ ಎರಡು ವರ್ಷ "ಲಾಕ್ ಮಾಡ್ಲಾ?" ಅಂತ ಕೇಳಿ ಹೆಸರಾದವರು. ಅವರ ಬಾಯಲ್ಲಿ ಪ್ರಾಸ ಬಂದಾಗ ಮನೆಯವರಿಗೆ ಯಾರೋ ಬೇರೆಯವರು ಬಂದು ನಿಂತ ಹಾಗಾಯಿತು.

ಇದಾದ ಮೇಲೆ ನಾನು ದೊಡ್ಡ ದೊಡ್ಡವರು ಹೇಗೆ ಎದ್ದು ಹೋದರು ಅಂತ ಹುಡುಕಿ ನೋಡಲು ಶುರು ಮಾಡಿದೆ. ಕಣ್ಣು ತೆರೆಸಿದ್ದು ಅಮೆರಿಕದ ಕ್ವಿಜ್ ಶೋ 'ಜೆಪರ್ಡಿ'ಯ ಆಂಕರ್ ಅಲೆಕ್ಸ್ ಟ್ರೆಬೆಕ್. 1984ರಿಂದ ಆ ಶೋ ನಡೆಸಿದ ಮನುಷ್ಯ. ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಒಂದು ಸಂದರ್ಶನದಲ್ಲಿ ಅವರು ತಮ್ಮ ಕೊನೆ ಎಪಿಸೋಡ್ ಹೇಗಿರಬೇಕು ಅಂತ ಹೇಳಿದ್ದರು: ಕೊನೆಯಲ್ಲಿ ಮೂವತ್ತು ಸೆಕೆಂಡು ಉಳಿಯುವ ಹಾಗೆ ಆಟದ ಟೈಮ್ ಹೊಂದಿಸಿಕೊಡಿ ಅಂತ ಡೈರೆಕ್ಟರ್‌ಗೆ ಹೇಳುತ್ತೇನೆ, ನನಗೆ ಅಷ್ಟು ಸಾಕು. ಮುಂದೆ ಯಾರು ಬರುತ್ತಾರೆ ಅಂತ ಕೇಳಬೇಡಿ, ನನಗೆ ಕೊಟ್ಟ ಪ್ರೀತಿಯನ್ನೇ ಅವರಿಗೂ ಕೊಡಿ ಅಂತಲೂ ಹೇಳುವುದಿತ್ತು. ಮನಸ್ಸಿನಲ್ಲೇ ರಿಹರ್ಸಲ್ ಮಾಡಿಟ್ಟಿದ್ದರು. ಆದರೆ ಆ ಮೂವತ್ತು ಸೆಕೆಂಡು ಅವರಿಗೆ ಸಿಗಲೇ ಇಲ್ಲ. ಕೊನೆ ಶೂಟಿಂಗ್ 2020ರ ಅಕ್ಟೋಬರ್ 29ಕ್ಕೆ ಆಯಿತು, ಅದೇ ಕೊನೆಯದು ಅಂತ ಗೊತ್ತಿರಲಿಲ್ಲ. ನವೆಂಬರ್ 8ಕ್ಕೆ ತೀರಿಕೊಂಡರು. ಕೊನೆ ಎಪಿಸೋಡ್ ಪ್ರಸಾರವಾಗಿದ್ದು 2021ರ ಜನವರಿ 8ರಂದು. ವಿದಾಯ ಇಲ್ಲದ ಮಾಮೂಲಿ ಆಟ, ಕೊನೆಗೆ ತಂಡದವರು ಜೋಡಿಸಿದ ಒಂದು ಶ್ರದ್ಧಾಂಜಲಿ.

ನಮ್ಮ ಪುನೀತ್ ಅವರದ್ದೂ ನೋಡಿ. 2019ರಲ್ಲಿ 'ಕನ್ನಡದ ಕೋಟ್ಯಧಿಪತಿ' ಸೀಸನ್ ಮುಗಿಸಿದಾಗ ಆ ಸೀಟಿನಲ್ಲಿ ಅವರನ್ನು ಮತ್ತೆ ನೋಡಲ್ಲ ಅಂತ ಯಾರು ಅಂದುಕೊಂಡಿದ್ದರು? 2021ರ ಅಕ್ಟೋಬರ್ 29ಕ್ಕೆ ಹೋಗಿಯೇಬಿಟ್ಟರು.

ಆ ಮೂವತ್ತು ಸೆಕೆಂಡಿನ ಲೆಕ್ಕವನ್ನೇ ನಾನು ಹಿಡಿದುಕೊಂಡೆ. ಕನ್ನಡಕ್ಕೆ ಹತ್ತು ಸೆಕೆಂಡು ಜಾಸ್ತಿ ಬೇಕು. ಉಸಿರು ಬಿಟ್ಟು, ನಿಂತು ಮಾತಾಡಿದರೆ ನಲವತ್ತು ಸೆಕೆಂಡಿಗೆ ಅರವತ್ತು ಅರವತ್ತೈದು ಪದ ಹಿಡಿಸುತ್ತದೆ. ಅದಕ್ಕಿಂತ ಜಾಸ್ತಿ ಬರೆದರೆ ಆಂಕರ್ ಓಡುತ್ತಾರೆ. ಅಮೆರಿಕದ ಗೇಮ್ ಶೋ ವೀಲ್ ಆಫ್ ಫಾರ್ಚೂನ್‌ನ ಆಂಕರ್ ಪ್ಯಾಟ್ ಸೇಜಾಕ್ 2024ರ ಜೂನ್ 7ರಂದು ಸುಮಾರು ಮೂರು ನಿಮಿಷ ಮಾತಾಡಿದರು ಅಂತ ಒಬ್ಬರು ನನ್ನ ಜೊತೆ ವಾದಕ್ಕೆ ಬಂದರು. ಸ್ವಾಮೀ, ಅವರು 41 ಸೀಸನ್ ಮಾಡಿದ್ದಾರೆ. ನಮ್ಮದು ಎರಡು ವರ್ಷದ ಶೋ.

ಈ ಸಲ ಸಿಕ್ಕಿದ್ದು ದಿನಾ ಬರುವ ಅರ್ಧ ಗಂಟೆಯ ಕ್ವಿಜ್. ಆ್ಯಡ್ ಕಳೆದರೆ ಇಪ್ಪತ್ತೆರಡು ನಿಮಿಷ. ಮೊದಲು ಮಾಡಿದ ಕೆಲಸ, ಕೊನೆಯಿಂದ ಹಿಂದಕ್ಕೆ ಟೈಮ್ ಎಣಿಸಿದ್ದು. ನಲವತ್ತು ಸೆಕೆಂಡು ಬೀಗ ಹಾಕಿಟ್ಟು, ಉಳಿದದ್ದರಲ್ಲಿ ಆಟ ಕೂರಿಸಿದೆ. ರ‍್ಯಾಪಿಡ್ ಫೈರ್ ರೌಂಡ್ ಕಿತ್ತು ಹಾಕಿದೆ. ಅದು ಸ್ಪಾನ್ಸರ್ ರೌಂಡ್! ಸೇಲ್ಸ್‌ನವರು ಹೌಹಾರಿದರು. ಆ ಲೋಗೋವನ್ನು ಚೆಕ್ ಕೊಡುವ ಶಾಟಿಗೆ ತಂದು ಕೂರಿಸಿ ಸಮಾಧಾನ ಮಾಡಿದೆ. ಅವರನ್ನು ಒಪ್ಪಿಸಿದ್ದು ಹೇಗೆ ಅನ್ನುವುದು ಬೇರೆ ಕಥೆ, ಅದು ನನ್ನ ಹತ್ತಿರವೇ ಇರಲಿ.

ಎರಡನೆಯದು, ದುಡ್ಡಿನ ಲೆಕ್ಕ ಮುಗಿಯುವವರೆಗೆ ವಿದಾಯದ ಸುದ್ದಿಯೇ ಬೇಡ. ಯಾರು ಗೆದ್ದರು, ಎಷ್ಟು ಗೆದ್ದರು ಅಂತ ಗೊತ್ತಾಗುವ ಮುಂಚೆ ಆಂಕರ್ ಕಣ್ಣೊರೆಸಿಕೊಂಡರೆ ಮನೆಯಲ್ಲಿ ಕೂತವರಿಗೆ ಸಿಟ್ಟೇ ಬರುತ್ತದೆ. ಚೆಕ್ ಕೊಡಿ, ಕೈ ಕುಲುಕಿ, ಸ್ಪರ್ಧಿಯನ್ನು ಫ್ರೇಮಿನಿಂದ ಆಚೆ ಕಳಿಸಿ. ಆಮೇಲೆ ಒಂದೇ ಕ್ಯಾಮೆರಾ, ಮಿಡ್ ಕ್ಲೋಸ್, ಅಂದರೆ ಎದೆಯಿಂದ ಮೇಲೆ ಮಾತ್ರ. ಜಿಬ್ (ಕ್ರೇನ್ ಕ್ಯಾಮೆರಾ) ಹಾರಾಡಿಸುವುದು ಬೇಡ.

ಮೂರನೆಯದಕ್ಕೇ ಎಲ್ಲರೂ ನನಗೆ ತಲೆ ಕೆಟ್ಟಿದೆ ಅಂದದ್ದು. ದಿನಾ ಬರುವ ಶೋ ಅಂದರೆ ದಿನಕ್ಕೆ ನಾಲ್ಕೈದು ಎಪಿಸೋಡ್ ತೆಗೆಯುತ್ತೇವೆ. ಜೆಪರ್ಡಿಯವರೂ ದಿನಕ್ಕೆ ಐದು ತೆಗೆಯುತ್ತಾರೆ. ಹಾಗಾಗಿ ಫಿನಾಲೆ ಬರುವಷ್ಟರಲ್ಲಿ ರಾತ್ರಿ ಹನ್ನೊಂದು. ಆಂಕರ್ ಗಂಟಲು ಕೂತಿರುತ್ತದೆ, ಲೈಟ್‌ಬಾಯ್‌ಗಳು ಲಾಸ್ಟ್ ಬಸ್ಸಿನ ಚಿಂತೆಯಲ್ಲಿರುತ್ತಾರೆ, ಆಡಿಯನ್ಸ್ ಆಕಳಿಸುತ್ತಿರುತ್ತಾರೆ. ಫಿನಾಲೆಯನ್ನು ಬೆಳಿಗ್ಗೆ ಮೊದಲು ತೆಗೆಯೋಣ ಅಂದೆ. ಡೈರೆಕ್ಟರ್ "ಮದುವೆಗೆ ಮುಂಚೆ ಬೀಗರೂಟನಾ?" ಅಂದರು. ಗೆದ್ದವರು ಮರುದಿನ ಮುಂದುವರಿಯುವ ಫಾರ್ಮ್ಯಾಟ್ ಆದರೆ ಇದು ಆಗಲ್ಲ, ಗೊತ್ತಿರಲಿ. ನಮ್ಮ ಫಿನಾಲೆಗೆ ಬೇರೆಯೇ ಸ್ಪರ್ಧಿಗಳಿದ್ದರು, ಹಾಗಾಗಿ ತೊಂದರೆ ಇರಲಿಲ್ಲ. ಬಟ್ಟೆ ಬದಲಾವಣೆ ಒಂದು ಹೆಚ್ಚಾಯಿತು, ಅಷ್ಟೇ. ರಾತ್ರಿ ಒಂಬತ್ತು ಗಂಟೆಯ ನಂತರದ ಓವರ್‌ಟೈಮ್ ತಪ್ಪಿದ್ದರಿಂದ ಇಪ್ಪತ್ತು ಸಾವಿರದಷ್ಟು ಉಳಿಯಿತು ಅಂತ ಪ್ರೊಡಕ್ಷನ್ ಮ್ಯಾನೇಜರ್ ಆಮೇಲೆ ಒಪ್ಪಿಕೊಂಡರು. ಇನ್ನೊಂದು ಲಾಭ ನಾನೂ ಅಂದುಕೊಂಡಿರಲಿಲ್ಲ. ವಿದಾಯ ಹೇಳಿ ಮುಗಿಸಿದ ಆಂಕರ್ ಮಧ್ಯಾಹ್ನದ ಎಪಿಸೋಡ್‌ಗಳಲ್ಲಿ ರಜೆಗೆ ಹೊರಟ ಹುಡುಗನ ಹಾಗೆ ಆಡಿದರು. ಆ ವಾರದ ಎಪಿಸೋಡ್‌ಗಳೇ ಇಡೀ ಶೋನಲ್ಲಿ ಬೆಸ್ಟ್.

ಇನ್ನು ಮಾತು. ನಮ್ಮ ಆಂಕರ್ ದಿನಾ ಕೊನೆಗೆ ಹೇಳುತ್ತಿದ್ದದ್ದು ಇದು: "ಉತ್ತರ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ, ಪಕ್ಕದವರನ್ನ ಕೇಳಿ. ನಾಳೆ ಸಿಗೋಣ." ಚಾನೆಲ್‌ನವರು ಕೊನೆ ದಿನಕ್ಕೆ ಹೊಸ ಸಾಲು ಬೇಕು ಅಂತ ಹಟ ಹಿಡಿದರು. ನಾನು ಬಾಬ್ ಬಾರ್ಕರ್ ವಿಡಿಯೋ ಹಾಕಿ ತೋರಿಸಿದೆ. ಅಮೆರಿಕದ ಗೇಮ್ ಶೋ 'ದಿ ಪ್ರೈಸ್ ಈಸ್ ರೈಟ್' ಅನ್ನು 1972ರಿಂದ ನಡೆಸಿದವರು, ಕೊನೆ ಎಪಿಸೋಡ್ 2007ರ ಜೂನ್ 15ಕ್ಕೆ ಬಂತು. ನಿಮ್ಮ ಮನೆಯೊಳಗೆ ಬಿಟ್ಟುಕೊಂಡಿದ್ದಕ್ಕೆ ಥ್ಯಾಂಕ್ಸ್ ಅಂದರು. ಆಮೇಲೆ ವರ್ಷಗಟ್ಟಲೆ ಹೇಳುತ್ತಿದ್ದದ್ದನ್ನೇ ಹೇಳಿದರು: ನಿಮ್ಮ ನಾಯಿ ಬೆಕ್ಕುಗಳಿಗೆ ಸಂತಾನಹರಣ ಆಪರೇಷನ್ ಮಾಡಿಸಿ! ವಿದಾಯದ ಹೊತ್ತಲ್ಲಿ ನಾಯಿ ಆಪರೇಷನ್ ಮಾತು. ಆದರೂ ಯಾರೂ ನಗಲಿಲ್ಲ, ಯಾಕೆಂದರೆ ಅದು ಅವರದೇ ಮಾತು.

ಬ್ರಿಟನ್ನಿನ 'ಯೂನಿವರ್ಸಿಟಿ ಚಾಲೆಂಜ್'ನ ಜೆರೆಮಿ ಪ್ಯಾಕ್ಸ್‌ಮನ್ 2023ರ ಮೇ ತಿಂಗಳಲ್ಲಿ ಹೋಗುವಾಗ, ಇನ್ನು ಮುಂದೆ ನಿಮ್ಮ ಜೊತೆ ನಾನೂ ಈ ಶೋ ನೋಡುತ್ತೇನೆ ಅನ್ನುವ ಅರ್ಥದ ಒಂದೇ ಮಾತು ಹೇಳಿದರು. ಅದರ ವಾಸನೆ ನನ್ನ ಸ್ಕ್ರಿಪ್ಟಿನಲ್ಲೂ ಇದೆ, ಮುಚ್ಚಿಡುವುದೇನು.

ಕೊನೆಗೆ ಪ್ರಾಂಪ್ಟರ್‌ಗೆ (ಆಂಕರ್ ನೋಡಿ ಓದುವ ಪರದೆಗೆ) ಹೋಗಿದ್ದು ಹೀಗಿತ್ತು:

"ಎರಡು ವರ್ಷ ನಾನು ಪ್ರಶ್ನೆ ಕೇಳಿದೆ. ನೀವು ಊಟದ ತಟ್ಟೆ ಹಿಡ್ಕೊಂಡು ನನಗಿಂತ ಮೊದಲು ಉತ್ತರ ಹೇಳಿದ್ರಿ. ಕೆಲವು ಸಲ ತಪ್ಪು ಹೇಳಿ ನನ್ನನ್ನೇ ಬೈದ್ರಿ. ನಾಳೆಯಿಂದ ನಾನೂ ತಟ್ಟೆ ಹಿಡ್ಕೊಂಡು ನಿಮ್ಮ ಕಡೆ ಕೂತ್ಕೋತೀನಿ. ಈ ಜಾಗಕ್ಕೆ ಯಾರೇ ಬಂದ್ರೂ ಅವರಿಗೂ ಸ್ವಲ್ಪ ಬೈಯಿರಿ, ಆಮೇಲೆ ಒಗ್ಗಿಸ್ಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ, ಪಕ್ಕದವರನ್ನ ಕೇಳಿ."

ಅಷ್ಟೇ. "ನಾಳೆ ಸಿಗೋಣ" ತೆಗೆದುಬಿಟ್ಟೆ. ತೆಗೆದಿದ್ದೇನೆ ಅಂತ ಎಲ್ಲೂ ಹೇಳಿಸಲಿಲ್ಲ. ದಿನಾ ಕೇಳಿದವರಿಗೆ ಆ ಖಾಲಿ ಜಾಗ ತಾನಾಗಿ ಕೇಳಿಸುತ್ತದೆ. ಎಡಿಟರ್ ಆ ಖಾಲಿ ಜಾಗಕ್ಕೆ ಕೊಳಲು ತುಂಬಿಸಿಟ್ಟಿದ್ದರು. ಪಕ್ಕದಲ್ಲಿ ಕೂತು ಆ ಟ್ರ್ಯಾಕ್ ಮ್ಯೂಟ್ ಮಾಡಿಸಿದೆ.

ಚಪ್ಪಾಳೆಯದೂ ಒಂದು ಕಥೆ. ನಮ್ಮ ಆಡಿಯನ್ಸ್ ಅಂದರೆ ತಲೆಗೆ ನಾನೂರೈವತ್ತು ರೂಪಾಯಿ, ತಿಂಡಿ, ಊಟ. ಕೋಆರ್ಡಿನೇಟರ್ ಕ್ಯಾಮೆರಾ ಹಿಂದೆ ನಿಂತು ಟವೆಲ್ ತಿರುಗಿಸಿದರೆ ಚಪ್ಪಾಳೆ. ಹಿಂದಿನ ಫಿನಾಲೆಗಳಲ್ಲಿ ಆತ ಉತ್ಸಾಹಕ್ಕೆ ಬಿದ್ದು ಕೊನೆ ಸಾಲಿನ ಮೇಲೇ ಟವೆಲ್ ತಿರುಗಿಸಿ ಮಾತು ಮುಳುಗಿಸಿದ್ದ. ಈ ಸಲ ಟವೆಲ್ ಇಸಿದುಕೊಂಡು ನನ್ನ ಹೆಗಲಿಗೆ ಹಾಕಿಕೊಂಡೆ. ಆಂಕರ್ ಕೈ ಮುಗಿದ ಮೇಲೆ ಮೂರು ನಾಲ್ಕು ಸೆಕೆಂಡು ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಹಿಂದಿನ ಸಾಲಿನ ಒಬ್ಬ ಅಜ್ಜಿ ಶುರು ಮಾಡಿದರು.

ಆಂಕರ್ ಗಂಟಲು ಕಟ್ಟದೆ ಹೇಗೆ ಹೇಳಿ ಮುಗಿಸಿದರು ಅಂತ ಎಲ್ಲರೂ ಕೇಳುತ್ತಾರೆ. ಕೊನೆ ಸಾಲಿಗೆ ಮುಂಚೆ ಟಾಕ್‌ಬ್ಯಾಕ್‌ನಲ್ಲಿ, ಅಂದರೆ ಇಯರ್‌ಪೀಸ್ ಮೂಲಕ, ಅವರ ಕಿವಿಗೆ ನಾನು ಒಂದು ಮಾತು ಹೇಳಿದೆ. ಏನು ಅಂತ ಹೇಳಲ್ಲ. ಅದು ನನ್ನ ಅನ್ನ.

ನಡುವೆ ಕೆಲವು ಪ್ರಯೋಗ ಮಾಡಿದ್ದೂ ಉಂಟು. ಬ್ರಿಟನ್ನಿನ ಕ್ವಿಜ್ 'ಮಾಸ್ಟರ್‌ಮೈಂಡ್' ನಡೆಸುತ್ತಿದ್ದ ಮ್ಯಾಗ್ನಸ್ ಮ್ಯಾಗ್ನಸನ್‌ಗೆ 1997ರಲ್ಲಿ ಆ ಶೋದಲ್ಲಿ ಸ್ಪರ್ಧಿಗಳು ಕೂರುವ ಕಪ್ಪು ಕುರ್ಚಿಯನ್ನೇ ಕೊಟ್ಟು ಕಳಿಸಿದ್ದರು. ಎಷ್ಟು ಚೆಂದ ಅಲ್ವಾ? ನಾವೂ ಹಾಟ್ ಸೀಟ್ ಕೊಡೋಣ ಅಂತ ಹೊರಟೆ. ನೋಡಿದರೆ ನಮ್ಮ ಕುರ್ಚಿ ಬಾಡಿಗೆಯದು! ಸೆಟ್ ಪ್ರಾಪರ್ಟಿಯವನು ಎಂಟೂವರೆ ಸಾವಿರ ಕೊಡಿ, ತಗೊಂಡು ಹೋಗಿ ಅಂದ. ಅದೇ ಕುರ್ಚಿ ಮುಂದಿನ ವಾರ ಯಾವುದೋ ಜ್ಯೋತಿಷ್ಯದ ಕಾರ್ಯಕ್ರಮಕ್ಕೆ ಬುಕ್ ಆಗಿತ್ತಂತೆ. ಅಲ್ಲಿಗೆ ಬಿಟ್ಟೆ. ಸ್ಪರ್ಧಿಯೇ ಆಂಕರ್‌ಗೆ ವಿದಾಯ ಹೇಳುವ ಹಾಗೆ ಒಂದು ಶಾಲೆ ಕ್ವಿಜ್‌ನಲ್ಲಿ ಮಾಡಿ ನೋಡಿದೆ. ಮಕ್ಕಳ ಬಾಯಲ್ಲಿ ಚೆನ್ನಾಗಿತ್ತು, ದೊಡ್ಡವರ ಬಾಯಲ್ಲಿ ಬೀಳ್ಕೊಡುಗೆ ಸಮಾರಂಭದ ಭಾಷಣ ಆಯಿತು. ಒಮ್ಮೆ ಬಝರ್ ಸದ್ದನ್ನೇ ಕೊನೆಯ ಸದ್ದು ಮಾಡಿದೆ. ಆಡಿಯೋದವರು ಅದನ್ನು ತಪ್ಪು ಅಂದುಕೊಂಡು ಕತ್ತರಿಸಿ ಎಸೆದರು.

ಸೀಸನ್ ಮುಗಿಯುವುದಕ್ಕೂ ಶೋ ಮುಗಿಯುವುದಕ್ಕೂ ಒಂದೇ ಭಾಷೆ ಬಳಸಬೇಡಿ. 2023ರ ಡಿಸೆಂಬರ್‌ನಲ್ಲಿ ಕೆಬಿಸಿ (ಹಿಂದಿಯ 'ಕೌನ್ ಬನೇಗಾ ಕರೋಡ್‌ಪತಿ') 15ನೇ ಸೀಸನ್ ಮುಗಿದಾಗ, ನಾಳೆಯಿಂದ ಈ ವೇದಿಕೆ ಸಿಂಗಾರಗೊಳ್ಳುವುದಿಲ್ಲ ಅಂತ ಅಮಿತಾಭ್ ಬಚ್ಚನ್ ಭಾವುಕರಾಗಿ ಹೇಳಿದರು. ಅವರು ಶೋವನ್ನೇ ಬಿಟ್ಟರು ಅಂತ ಸುದ್ದಿಯಾಯಿತು. 2024ರ ಆಗಸ್ಟ್‌ನಲ್ಲಿ 16ನೇ ಸೀಸನ್ ಶುರು ಮಾಡಿದವರು ಅವರೇ. ಸುದೀಪ್ ಅವರೂ ಬಿಗ್ ಬಾಸ್‌ಗೆ 11ನೇ ಸೀಸನ್ ತಮ್ಮ ಕೊನೆಯದು ಅಂದಿದ್ದರು, 12ಕ್ಕೆ ಬಂದರು. ಅವರು ಬಂದರೆ ಜನಕ್ಕೆ ಖುಷಿಯೇ. ನಮ್ಮಂಥ ಸಣ್ಣ ಶೋದ ಆಂಕರ್ ಅತ್ತು ಹೋಗಿ ಆರು ತಿಂಗಳಿಗೆ ವಾಪಸ್ ಬಂದರೆ ಕಮೆಂಟ್‌ನಲ್ಲಿ ಸಿಪ್ಪೆ ಸುಲಿಯುತ್ತಾರೆ. ನಾನೀಗ ಸೀಸನ್ ಎಂಡ್‌ಗೆ "ನಾಳೆ ಸಿಗೋಣ" ಬದಲು "ಸಿಗೋಣ" ಅಂತಷ್ಟೇ ಬರೆಯುತ್ತೇನೆ.

ನಲವತ್ತು ಸೆಕೆಂಡಿನ ಆ ಕ್ಲಿಪ್ ಚಾನೆಲ್ ಪೇಜಿನಲ್ಲಿ ಮೂರ್ನಾಲ್ಕು ಲಕ್ಷ ವ್ಯೂಸ್ ದಾಟಿತ್ತು, ನಾನು ಕೊನೆಗೆ ನೋಡಿದಾಗ. ಹಳೆಯ ಏಳು ನಿಮಿಷದ ಎವಿ ಇನ್ನೂ ಕೆಲವು ಸಾವಿರದಲ್ಲೇ ಕೂತಿದೆ. ನನ್ನ ಸಂಭಾವನೆ ಮಾಮೂಲಿ ಎಪಿಸೋಡಿನದ್ದೇ, ಹನ್ನೆರಡು ಸಾವಿರ. ಅಕೌಂಟ್ಸ್‌ನವರು ಸ್ಕ್ರಿಪ್ಟ್ ನೋಡಿ "ಅರ್ಧ ಪೇಜೂ ಇಲ್ವಲ್ಲ ಸರ್" ಅಂತ ಬಿಲ್ ವಾಪಸ್ ಕಳಿಸಿದ್ದರು. ಕತ್ತರಿಸಿ ಹಾಕಿದ ಆರು ಡ್ರಾಫ್ಟ್ ಸೇರಿಸಿ ಪಿನ್ ಹೊಡೆದು ಮತ್ತೆ ಕೊಟ್ಟಿದ್ದೇನೆ. ಮುಂದಿನ ತಿಂಗಳ ಪೇಮೆಂಟ್ ಲಿಸ್ಟ್‌ನಲ್ಲಿ ಸೇರಿಸುತ್ತಾರಂತೆ.