ಚಿಟ್ಟೆಗಳ ವಲಸೆಯನ್ನು ಗುರುತಿಸಿ ದಾಖಲಿಸುವ ಕ್ರಮ

ಪಶ್ಚಿಮ ಘಟ್ಟದಲ್ಲಿ ಒಣ ತಿಂಗಳುಗಳನ್ನು ಕಳೆಯುವ ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಮೊದಲಾದ ಚಿಟ್ಟೆಗಳು, ನೈಋತ್ಯ ಮುಂಗಾರು ಬಿರುಸಾಗುವ ಮುನ್ನ, ಅಂದರೆ ಏಪ್ರಿಲ್‌ನಿಂದ ಜೂನ್‌ವರೆಗೆ, ಪೂರ್ವದ ಬಯಲಿನತ್ತ ಹೊರಡುತ್ತವೆ. ಅಕ್ಟೋಬರ್-ನವೆಂಬರ್ ಹೊತ್ತಿಗೆ ಘಟ್ಟದ ಕಡೆಗೆ ಮರಳುವ ಹಾರಾಟ ಕಾಣುತ್ತದೆ. ಎರಡೂ ಕಾಲದಲ್ಲಿ ಬೆಂಗಳೂರಿನ ಮಹಡಿಯ ಮೇಲಿನಿಂದಲೇ ಇದನ್ನು ನೋಡಬಹುದು.

ಮೊದಲು ವಲಸೆಯೋ ಅಲ್ಲವೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮಕರಂದ ಹುಡುಕುವ ಚಿಟ್ಟೆ ಸುತ್ತಿ ಸುಳಿದು ಹೂವಿನಿಂದ ಹೂವಿಗೆ ಹೋಗುತ್ತದೆ. ವಲಸೆ ಹೊರಟದ್ದು ಹೂವನ್ನು ಲೆಕ್ಕಿಸದೆ, ಗೋಡೆ ಅಡ್ಡ ಬಂದರೆ ಅದನ್ನು ಹತ್ತಿ ದಾಟಿ, ಹಿಡಿದ ದಿಕ್ಕಿನಲ್ಲೇ ಮುಂದುವರಿಯುತ್ತದೆ. ಹಿಂದೆ ಬರುವವೂ ಅದೇ ದಿಕ್ಕಿಗೆ ಸಾಗಿದರೆ ಅನುಮಾನ ಬೇಡ.

ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಪಟ್ಟೆಗಳು ಅಗಲವಾಗಿದ್ದರೆ ಬ್ಲೂ ಟೈಗರ್, ಸಣ್ಣದಾಗಿದ್ದು ಕಪ್ಪೇ ಹೆಚ್ಚಾಗಿದ್ದರೆ ಡಾರ್ಕ್ ಬ್ಲೂ ಟೈಗರ್. ಕಂದು ರೆಕ್ಕೆಯ ಅಂಚಿನಲ್ಲಿ ಬಿಳಿ ಚುಕ್ಕೆಗಳಿದ್ದರೆ ಅದು ಕ್ರೋ ಗುಂಪಿನದು. ಹಾರುವಾಗ ಇಷ್ಟನ್ನೂ ಕಾಣುವುದು ಕಷ್ಟವಾದ್ದರಿಂದ, ಊಹಿಸಿ ಹೆಸರು ಬರೆಯುವುದಕ್ಕಿಂತ ಬರಿದೇ ‘ಟೈಗರ್’ ಎಂದು ಬರೆಯುವುದು ಮೇಲು.

ಎಣಿಕೆಗೆ ಎರಡು ಮರಗಳ ನಡುವೆ ಒಂದು ಗೆರೆಯನ್ನು ಕಲ್ಪಿಸಿಕೊಂಡು, 5 ನಿಮಿಷದಲ್ಲಿ ಅದನ್ನು ದಾಟಿದವನ್ನಷ್ಟೇ ಲೆಕ್ಕ ಹಾಕಬೇಕು. ಮರುದಿನವೂ ಅದೇ ಗೆರೆ, ಅದೇ ಹೊತ್ತು ಇರಲಿ. ಮೋಡ, ಬಿಸಿಲು, ಗಾಳಿಯನ್ನೂ ಗುರುತಿಸಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ: ಗಾಳಿಗೆ ಅದು ಬೀಸಿ ಬರುವ ದಿಕ್ಕಿನ ಹೆಸರು, ಚಿಟ್ಟೆಗೆ ಅದು ಹೋಗುವ ದಿಕ್ಕಿನ ಹೆಸರು, ಇವೆರಡನ್ನು ಬೆರೆಸಿದರೆ ದಾಖಲೆ ತಲೆಕೆಳಗಾಗುತ್ತದೆ. ದಿಕ್ಕನ್ನು ಫೋನಿನ ದಿಕ್ಸೂಚಿಯಿಂದ ನೋಡಿಯೇ ಬರೆಯಬೇಕು. ನನ್ನ ಮಟ್ಟಿಗೆ, ದಿಕ್ಕಿಲ್ಲದ ನೂರು ಸುಂದರ ಚಿತ್ರಗಳಿಗಿಂತ ದಿಕ್ಕು ಬರೆದ ಒಂದು ಸಾಲು ಹೆಚ್ಚು ಉಪಯುಕ್ತ.

ಸೆಣಬಿನ ಜಾತಿಯ (ಕ್ರೊಟಲೇರಿಯ) ಗಿಡಗಳ ಮೇಲೆ ಇವು ಗುಂಪಾಗಿ ಮುತ್ತಿರುವುದು ಕಂಡರೆ ಅದನ್ನು ಪ್ರತ್ಯೇಕವಾಗಿ ಬರೆಯಬೇಕು. ಅಲ್ಲಿ ಸೇರುವವು ಹೆಚ್ಚಾಗಿ ಗಂಡುಗಳು. ಒಣಗಿದ ಅಥವಾ ಗಾಯಗೊಂಡ ಎಲೆ-ಕಾಯಿಗಳಿಂದ ಅವು ಹೀರುವ ಆಲ್ಕಲಾಯ್ಡ್ ಎಂಬ ಸಸ್ಯ ರಾಸಾಯನಿಕಗಳು ಹೆಣ್ಣನ್ನು ಸೆಳೆಯುವ ಗಂಧದ ತಯಾರಿಕೆಗೂ ಶತ್ರುಗಳಿಂದ ರಕ್ಷಣೆಗೂ ಒದಗುತ್ತವೆ. ಇದು ತಂಗುದಾಣವೇ ಹೊರತು ಹಾರಾಟವಲ್ಲ, ಆದ್ದರಿಂದ ಗೆರೆ ದಾಟಿದವುಗಳ ಲೆಕ್ಕಕ್ಕೆ ಇವನ್ನು ಸೇರಿಸಬಾರದು.

ಒಂದೂ ದಾಟದ ದಿನ ಪುಟವನ್ನು ಖಾಲಿ ಬಿಡದೆ ಸೊನ್ನೆ ಬರೆಯಬೇಕು. ಖಾಲಿ ಬಿಟ್ಟರೆ ಅಂದು ಚಿಟ್ಟೆ ಬರಲಿಲ್ಲವೋ, ನೋಡಲು ಯಾರೂ ನಿಲ್ಲಲಿಲ್ಲವೋ ಎಂಬುದು ಮುಂದೆ ತಿಳಿಯುವುದಿಲ್ಲ.