ನಾನೂರು ಮಕ್ಕಳು, 52 ಸೆಕೆಂಡು: ನನ್ನ ಅನುಭವ

ಹೋದ ಆಗಸ್ಟ್ 15ಕ್ಕೆ ನಮ್ಮ ಶಾಲೆಯ ಅಂಗಳದಲ್ಲಿ ನಾನೂರು ಚಿಲ್ಲರೆ ಮಕ್ಕಳು ರಾಷ್ಟ್ರಗೀತೆ ಮುಗಿಯುವ ತನಕ ಅಲುಗಾಡದೆ ನಿಂತಿದ್ದರು. ಹಾಡಿದ್ದು 53 ಸೆಕೆಂಡು, ಇರಬೇಕಾದ್ದು ಸುಮಾರು 52. ಆ ಹೊತ್ತಲ್ಲಿ ನಾನು ವಾಚ್ ನೋಡಿಲ್ಲ, ನಾನೂ ಸಾವಧಾನ್‌ನಲ್ಲಿದ್ದೆ. ಪೋಷಕರೊಬ್ಬರು ಫೋನಿನಲ್ಲಿ ತೆಗೆದ ವಿಡಿಯೊ ಆಮೇಲೆ ನೋಡಿ ಲೆಕ್ಕ ಹಾಕಿದ್ದು. ರಾಷ್ಟ್ರಗೀತೆ ನಡೆಯುವಾಗ ವಿಡಿಯೊ ಮಾಡಿದ್ದು ತಪ್ಪೇ. ಆದರೆ ಸಾಕ್ಷಿ ಸಿಕ್ಕಿತಲ್ಲ ಅಂತ ಅವರಿಗೆ ಏನೂ ಹೇಳಲಿಲ್ಲ.

ನಾನು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಇದನ್ನು ಬರೆಯುತ್ತಿರುವುದು ನನ್ನ ಹಾಗೇ ಸೀಟಿ ಹಿಡಿದುಕೊಂಡು ಓಡಾಡುವವರಿಗೆ. ಸಾವಧಾನ್, ವಿಶ್ರಾಮ್ ಹೇಗೆ ಹೇಳಿಕೊಡಬೇಕು ಅಂತ ನಿಮಗೆ ಗೊತ್ತೇ ಇದೆ, ಅದನ್ನು ಬಿಡ್ತೀನಿ. "ಕೋಲು ಕೆಳಗಿಟ್ಟರೆ ಈ ಮಕ್ಕಳು ನಿಲ್ಲಲ್ಲ ಮೇಷ್ಟ್ರೇ" ಅಂತ ಹೆಡ್‌ಮಾಸ್ಟರು ಹೇಳಿದ್ದರು. ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ನಕ್ಕಿದ್ದರು. ಕೋಲಿಲ್ಲದೆ ಅವರನ್ನು ನಿಲ್ಲಿಸಲು ಮೂರು ವರ್ಷ ಹಿಡಿಯಿತು. ನನ್ನ ಜೇಬಿನಿಂದ ಸುಮಾರು ಹನ್ನೊಂದು ಸಾವಿರ ಹೋಯಿತು, ಸ್ವಲ್ಪ ಹೆಚ್ಚೇ ಇರಬಹುದು.

ಮೊದಲು ಕೋಲಿನ ವಿಷಯ ಒಪ್ಪಿಕೊಂಡುಬಿಡ್ತೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಿಡಿದವನೇ. ಮಕ್ಕಳು ನಿಲ್ಲುತ್ತಿದ್ದರು, ನಿಜ. ಆದರೆ ಒಂದು ಕಣ್ಣು ಧ್ವಜದ ಮೇಲೆ, ಇನ್ನೊಂದು ನನ್ನ ಕೈ ಮೇಲೆ. ನಾನು ಆ ಸಾಲಿಗೆ ಹೋದರೆ ಈ ಸಾಲು ಸಡಿಲ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಕೋಲು ಹೇಗೂ ಮೂಲೆ ಸೇರಿತು. ಒಳ್ಳೆಯದೇ ಆಯಿತು.

ಆಮೇಲೆ ತಲೆಗೆ ಹೊಳೆದಿದ್ದು ಬ್ಲೂಟೂತ್ ಸ್ಪೀಕರ್. ರೆಕಾರ್ಡ್ ಹಾಕಿದರೆ ಶ್ರುತಿ, ತಾಳ, ಸಮಯ ಎಲ್ಲ ಸರಿಯಾಗಿ ಬರುತ್ತೆ ಅಲ್ವಾ ಅಂತ. 3,200 ಕೊಟ್ಟು ತಂದೆ. ಎರಡು ತೊಂದರೆ ಆಯಿತು. ಸ್ಪೀಕರ್ ಹಾಡಿದ ದಿನದಿಂದ ಮಕ್ಕಳು ಬಾಯಿ ಮುಚ್ಚಿಕೊಂಡರು. ಇನ್ನೊಂದು ಆಗಿದ್ದು ಜನವರಿ 26ರಂದು. ಊರಿನ ದೊಡ್ಡವರೆಲ್ಲ ನಿಂತಿದ್ದಾರೆ, ಹಾಡು ಅರ್ಧಕ್ಕೆ ಬಂದಿದೆ, ನನ್ನ ಫೋನಿಗೆ ನಮ್ಮ ಭಾವನ ಕರೆ. ಸ್ಪೀಕರಿನಲ್ಲಿ ರಿಂಗ್‌ಟೋನ್ ಇಡೀ ಮೈದಾನಕ್ಕೆ ಕೇಳಿಸಿತು. ಅವತ್ತು ಮಕ್ಕಳು ನಕ್ಕಿದ್ದಕ್ಕೆ ಬೈಯುವ ಮುಖ ನನಗಿರಲಿಲ್ಲ. ಆ ಸ್ಪೀಕರ್ ಈಗ ನಮ್ಮ ಮನೆಯಲ್ಲಿದೆ, ಹೆಂಡತಿ ಅಡುಗೆ ಮಾಡುತ್ತಾ ಭಾವಗೀತೆ ಕೇಳುತ್ತಾಳೆ.

ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ್ದೂ ಆಯಿತು. ಎರಡು ಮೂಟೆ, ಎರಡು ಮಳೆ, ಮುಗೀತು.

ದಾರಿ ಸಿಕ್ಕಿದ್ದು ಬೈಯುವುದನ್ನು ಬಿಟ್ಟು ಎಣಿಸಲು ಶುರು ಮಾಡಿದಾಗ. ಇನ್ನೂರೈವತ್ತು ರೂಪಾಯಿಯ ಸ್ಟಾಪ್‌ವಾಚ್ ತಂದೆ. ಸಂಜೆ ಆಟದ ಪೀರಿಯಡ್ಡಿನಲ್ಲಿ ಒಂದೊಂದೇ ತರಗತಿ ನಿಲ್ಲಿಸಿ ಯಾರು ಯಾವಾಗ ಅಲುಗುತ್ತಾರೆ ಅಂತ ಬರೆದುಕೊಂಡೆ. ಇಲ್ಲೊಂದು ಮಾತು. ಅಭ್ಯಾಸಕ್ಕೆ ಅಂತ ರಾಷ್ಟ್ರಗೀತೆಯನ್ನೇ ದಿನಕ್ಕೆ ಹತ್ತು ಸಲ ಹಾಡಿಸಬೇಡಿ. ಮಕ್ಕಳಿಗೆ ಸಸಾರ ಆಗುತ್ತೆ. ನಾನು ಸುಮ್ನೆ ನಿಲ್ಲಿಸಿ ಒಂದರಿಂದ ಐವತ್ತೆರಡರವರೆಗೆ ಮನಸ್ಸಿನಲ್ಲೇ ಎಣಿಸಲು ಹೇಳುತ್ತಿದ್ದೆ. ಯಾರ ಲೆಕ್ಕ ವಾಚಿಗೆ ಹತ್ತಿರ ಬರುತ್ತೋ ಅವರಿಗೆ ಅವತ್ತು ವಾಲಿಬಾಲ್ ಮೊದಲು. ಒಂದೇ ತಿಂಗಳಿಗೆ ಅದೇ ಒಂದು ಆಟ ಆಗಿಬಿಟ್ಟಿತು.

ಎಣಿಸಿದಾಗ ಕಂಡಿದ್ದು ಇಷ್ಟು. ಸಂಜೆ ಐವತ್ತೆರಡು ಸೆಕೆಂಡು ನಿಲ್ಲುವ ಅದೇ ಹುಡುಗ ಬೆಳಿಗ್ಗೆ ಹದಿನೈದು ಸೆಕೆಂಡೂ ನಿಲ್ಲಲ್ಲ. ಯಾಕೆ? ಬೆಳಿಗ್ಗೆ ನಾವು ಅವನನ್ನು ಆಗಲೇ ಇಪ್ಪತ್ತೈದು ನಿಮಿಷ ನಿಲ್ಲಿಸಿರುತ್ತೇವೆ. ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ, ಸುದ್ದಿ, ಸುಭಾಷಿತ, ಆಮೇಲೆ ಹೆಡ್‌ಮಾಸ್ಟರ ಮಾತು, ಶೂ ಹಾಕದವರಿಗೆ ಬೈಗುಳ. ನಾಡಗೀತೆಗೆ ಸರ್ಕಾರ 2022ರಲ್ಲಿ ಎರಡೂವರೆ ನಿಮಿಷ ಅಂತ ಗೊತ್ತುಮಾಡಿತು. ಹೆಡ್‌ಮಾಸ್ಟರ ಮಾತಿಗೆ ಯಾರು ಗೊತ್ತುಮಾಡಬೇಕು? ಬಿಸಿಲಲ್ಲಿ ಕಾಲು ಸೋತ ಮೇಲೆ "ಈಗ ಗೌರವ ಕೊಡಿ" ಅಂದರೆ ಎಲ್ಲಿಂದ ಕೊಡ್ತಾರೆ?

ಮಾತು, ಪ್ರಕಟಣೆ ಎಲ್ಲವನ್ನೂ ತೆಗೆದುಬಿಡಿ ಸಾರ್ ಅಂದೆ. ಆಗಲ್ಲ ಅಂದರು. ರಾಷ್ಟ್ರಗೀತೆಯನ್ನು ಮೊದಲಿಗೆ ತನ್ನಿ ಅಂದೆ. ಪದ್ಧತಿ ಇಲ್ಲ ಅಂದರು. ಒಂದು ವಾರ ನನ್ನ ಜೊತೆ ಸರಿಯಾಗಿ ಮಾತೂ ಆಡಲಿಲ್ಲ. ಕೊನೆಗೆ ಒಪ್ಪಂದ ಆಗಿದ್ದು ಹೀಗೆ: ನಾಡಗೀತೆ ಆದ ಮೇಲೆ ಮಕ್ಕಳು ಕೂರಬೇಕು. ಕೂತು ಎಷ್ಟು ಹೊತ್ತು ಬೇಕಾದರೂ ಕೇಳಲಿ. ಆಮೇಲೆ ಎದ್ದು ಇಪ್ಪತ್ತು ಸೆಕೆಂಡು ಕೈಕಾಲು ಜಾಡಿಸಿ, ಮೂಗು ಒರೆಸಿ, ಕೆರೆದುಕೊಂಡು, ಕೆಮ್ಮಿ ಎಲ್ಲ ಮುಗಿಸಬೇಕು. ಅದಕ್ಕೆ ನಾವು "ಕೆರೆತದ ಟೈಮು" ಅಂತ ಹೆಸರಿಟ್ಟಿದ್ದೇವೆ. ಆಮೇಲೆ ಸಾವಧಾನ್. ಅರ್ಧ ಕಾಯಿಲೆ ಇದರಲ್ಲೇ ವಾಸಿ.

ಖರ್ಚು ಎಷ್ಟು? ಸೊನ್ನೆ. ಮೂಟೆ ಸುಣ್ಣ ಹೊತ್ತಿದ್ದೇ ದಂಡ.

ಇನ್ನರ್ಧ ಶ್ರುತಿಯದ್ದು. ಇದನ್ನು ಪಿ.ಟಿ. ಮೇಷ್ಟ್ರುಗಳು ಯಾರೂ ಯೋಚನೆ ಮಾಡಲ್ಲ, ನಾನೂ ಮಾಡಿರಲಿಲ್ಲ. ರಾಷ್ಟ್ರಗೀತೆಯ ಧಾಟಿ ಕೆಳಗಿನ ನಿಷಾದದಿಂದ (ನಿ) ಮೇಲಿನ ಷಡ್ಜದವರೆಗೂ (ಸ) ಓಡಾಡುತ್ತೆ. ಶುರು ಮಾಡುವ ಹುಡುಗಿ ಗಾಬರಿಯಲ್ಲಿ ಎತ್ತರಕ್ಕೆ ಹಿಡಿದಳು ಅಂತಿಟ್ಟುಕೊಳ್ಳಿ, ಕೊನೆಯ "ಜಯ ಹೇ" ಬರುವಷ್ಟರಲ್ಲಿ ಎಲ್ಲರ ಗಂಟಲೂ ಕಿರ್ ಅನ್ನುತ್ತೆ. ಒಂಬತ್ತು, ಹತ್ತನೇ ತರಗತಿ ಹುಡುಗರಿಗೆ ಧ್ವನಿ ಒಡೆಯುವ ವಯಸ್ಸು. ಒಬ್ಬನ ಗಂಟಲು ಕೀರಲು ಬಿತ್ತು, ಪಕ್ಕದವನು ಕಿಸಕ್ ಅಂದ, ಇಡೀ ಸಾಲಿಗೆ ನಗು ಹಬ್ಬಿತು. ನಾವು ಅದನ್ನು ಅಗೌರವ ಅಂತ ಬೈಯುತ್ತೇವೆ. ತಪ್ಪು ಆಗಿದ್ದು ಮೊದಲ ಸ್ವರದಲ್ಲಿ.

ಊರಿನ ಭಜನೆ ಮಂದಿರದ ಹಾರ್ಮೋನಿಯಂ ಎರಡು ದಿನಕ್ಕೆ ಕೇಳಿ ತಂದು, ಒಂದೊಂದು ಕಟ್ಟೆಯಿಂದಲೂ, ಅಂದರೆ ಒಂದೊಂದು ಕೀಲಿಯ ಶ್ರುತಿಯಿಂದಲೂ, ಹಾಡಿಸಿ ನೋಡಿದೆ. ಎಲ್ಲಾ ಗಂಟಲಿಗೂ ಒಗ್ಗುವ ಒಂದು ಕಟ್ಟೆ ಸಿಕ್ಕಿತು. ಯಾವ ಕಟ್ಟೆ ಅಂತ ಮಾತ್ರ ಹೇಳಲ್ಲ. ನಿಮ್ಮ ಮಕ್ಕಳ ಗಂಟಲು ಬೇರೆ, ನೀವೇ ಹುಡುಕಿಕೊಳ್ಳಿ. ಆಮೇಲೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೊಂಡೆ, ಎರಡೂವರೆ ಸಾವಿರದ ಆಸುಪಾಸು. ಫೋನಿನಲ್ಲೇ ಪುಕ್ಕಟೆ ತಂಬೂರಿ ಸಿಗುತ್ತೆ ಅಂತ ಕೊಂಡ ಮೇಲೆ ಗೊತ್ತಾಯಿತು. ಆದರೂ ಫೋನು ಬೇಡ ಬಿಡಿ, ನಮ್ಮ ಭಾವ ಇನ್ನೂ ಇದ್ದಾರೆ.

ವೇಗದ ಮಾತು. ಪೂರ್ತಿ ಹಾಡಿಗೆ ಸುಮಾರು 52 ಸೆಕೆಂಡು, ಮೊದಲ ಮತ್ತು ಕೊನೆಯ ಸಾಲಿನ ಚಿಕ್ಕ ರೂಪಕ್ಕೆ ಸುಮಾರು 20 ಅನ್ನುವುದು ನಿಮಗೆ ಗೊತ್ತು. ನಮ್ಮವರು ಮೊದಲು ಹಾಡುತ್ತಿದ್ದದ್ದು 68, 70. ಪ್ರತಿ ಸಾಲಿನ ಕೊನೆಯನ್ನೂ ಹರಿಕಥೆ ಥರ ಎಳೆಯುತ್ತಿದ್ದರು. ಬೇಗ ಹಾಡಿ ಅಂದರೆ ರೈಲು ಹತ್ತಿಸಿದ ಹಾಗೆ 44ಕ್ಕೆ ಮುಗಿಸಿದರು. ಸರಿಹೋಗಿದ್ದು ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಗುರುತು ಮಾಡಿಕೊಟ್ಟ ಮೇಲೆ. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಗೀತೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿಸಿದೆ, ಅಷ್ಟೇ. ನಮ್ಮ ಕಡೆ ಮನೆಮಾತು ತೆಲುಗು ಇರುವ ಮಕ್ಕಳೇ ಜಾಸ್ತಿ. ಉಚ್ಚಾರಣೆಯಲ್ಲಿ ಅವರೇ ವಾಸಿ. ಕನ್ನಡ ಮೇಷ್ಟ್ರಿಗೆ ಈ ಮಾತು ಹಿಡಿಸಲಿಲ್ಲ.

ತೆಲುಗು ಅಂದಾಗ ನೆನಪಾಯಿತು. ನಮಗೆ ಆಂಧ್ರದ ಮದನಪಲ್ಲಿ ದೂರ ಇಲ್ಲ, ಗಡಿ ದಾಟಿದರೆ ಟೊಮೆಟೊ ಲಾರಿಗಳ ಹಿಂದೆಯೇ ಹೋಗಬಹುದು. 1919ರಲ್ಲಿ ಟಾಗೋರರು ಅಲ್ಲಿಯ ಬೆಸೆಂಟ್ ಥಿಯಾಸಾಫಿಕಲ್ ಕಾಲೇಜಿನಲ್ಲಿ ಕೆಲವು ದಿನ ಉಳಿದುಕೊಂಡಿದ್ದರು. ಈ ಹಾಡನ್ನು ಇಂಗ್ಲಿಷಿಗೆ ತಂದಿದ್ದು ಅಲ್ಲೇ. ಪ್ರಿನ್ಸಿಪಾಲರ ಹೆಂಡತಿ ಮಾರ್ಗರೆಟ್ ಕಸಿನ್ಸ್ ಅವರು ಸ್ವರ ಬರೆದುಕೊಂಡಿದ್ದೂ ಅಲ್ಲೇ. ನಾನು ಹತ್ತನೇ ತರಗತಿಯ ಮೂವತ್ತು ಮಕ್ಕಳನ್ನು ಟೆಂಪೊದಲ್ಲಿ ಕರೆದುಕೊಂಡು ಹೋಗಿ ಬಂದೆ. ಬಾಡಿಗೆ, ಊಟ ಎಲ್ಲ ಸೇರಿ ನಾಲ್ಕು ಸಾವಿರದ ಮೇಲೆ. ನಿಲ್ಲುವುದಕ್ಕೂ ಇದಕ್ಕೂ ಏನು ಸಂಬಂಧ ಅಂತ ಹೆಡ್‌ಮಾಸ್ಟರು ಕೇಳಿದರು. ಸಂಬಂಧ ಇದೆಯೋ ಇಲ್ಲವೋ, ನನಗೂ ಗ್ಯಾರಂಟಿ ಇಲ್ಲ. ಆದರೆ ಹಾಡಿಗೆ ಐದು ಚರಣ ಇದೆ, ನಾವು ಹಾಡುವುದು ಮೊದಲನೆಯದು ಮಾತ್ರ ಅಂತ ಗೊತ್ತಾದ ದಿನ ಒಬ್ಬ ಹುಡುಗ "ಸಾರ್, ಐದೂ ಹಾಡಬೇಕಾಗಿದ್ದಿದ್ದರೆ ನಾವು ಸತ್ತೇ ಹೋಗ್ತಿದ್ವಿ" ಅಂದ. ಅವನೇ ಆಮೇಲೆ ಸಾಲಿನಲ್ಲಿ ಗಟ್ಟಿಯಾಗಿ ನಿಲ್ಲುವವನಾದ.

ಹಾಡದ ಮಗುವಿನ ವಿಷಯವೂ ಬರುತ್ತೆ, ಯಾವತ್ತಾದರೂ ನಿಮಗೂ ಬರುತ್ತೆ. ನಮ್ಮಲ್ಲಿ ಒಬ್ಬ ಹುಡುಗ ಮನೆಯ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ, ನೆಟ್ಟಗೆ ನಿಲ್ಲುತ್ತಿದ್ದ. ಸಹೋದ್ಯೋಗಿಯೊಬ್ಬರು ಬಾಯಿ ಬಿಡಿಸಿಯೇ ತೀರುತ್ತೇನೆ ಅಂತ ಹಟ ಹಿಡಿದರು. ನಾನು ಅಡ್ಡ ಬಂದೆ. ಕೇರಳದ ಮೂವರು ಮಕ್ಕಳನ್ನು ಇದೇ ಕಾರಣಕ್ಕೆ ಶಾಲೆಯಿಂದ ಹೊರಹಾಕಿದ್ದರು. 1986ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಗೌರವದಿಂದ ಎದ್ದು ನಿಂತರೆ, ಹಾಡಲಿಲ್ಲ ಅನ್ನುವುದು ಅಗೌರವ ಆಗಲ್ಲ ಅಂತ. ರಾಷ್ಟ್ರ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಯಲ್ಲಿ ಶಿಕ್ಷೆ ಇರುವುದು ಬೇಕಂತಲೇ ಹಾಡುವುದನ್ನು ತಡೆಯುವವರಿಗೆ, ಹಾಡುತ್ತಿರುವ ಸಭೆಗೆ ತೊಂದರೆ ಕೊಡುವವರಿಗೆ. ಬಾಯಿ ಮುಚ್ಚಿ ನಿಂತವರಿಗಲ್ಲ. ನಾನು ಆ ಹುಡುಗನನ್ನು ಸಾಲಿನ ಮುಂದೆಯೇ ನಿಲ್ಲಿಸಿದೆ. ಅವನಷ್ಟು ನೇರ ನಿಲ್ಲುವವನು ಶಾಲೆಯಲ್ಲಿ ಇನ್ನೊಬ್ಬ ಇರಲಿಲ್ಲ.

ಮಕ್ಕಳದ್ದು ಇಷ್ಟಾಯಿತು. ದೊಡ್ಡವರದ್ದು?

ನಿಜ ಹೇಳ್ತೀನಿ, ನನ್ನ ಮೂರು ವರ್ಷದಲ್ಲಿ ಒಂದೂವರೆ ವರ್ಷ ತಿಂದಿದ್ದು ದೊಡ್ಡವರು. ಕೈಕಟ್ಟಿ ನಿಲ್ಲುವ ಅತಿಥಿಗಳು, ಶಾಲು ಸರಿಮಾಡಿಕೊಳ್ಳುವವರು, ಗೇಟಿನ ಹತ್ತಿರ ಬೈಕಿನ ಮೇಲೆ ಕೂತೇ ಇರುವವರು. ಸಮವಸ್ತ್ರ ಇಲ್ಲದಿದ್ದರೂ ಗೀತೆ ಮುಗಿಯುವವರೆಗೆ ಸೆಲ್ಯೂಟ್ ಹೊಡೆಯುತ್ತಾ ನಿಲ್ಲುವ ಉತ್ಸಾಹಿಗಳು ಬೇರೆ. ಅವರಿಗೆ ಹೇಳುವ ಹಾಗಿಲ್ಲ, ಮುನಿಸು. ಇಲ್ಲಿ ಕೆಲಸಕ್ಕೆ ಬಂದಿದ್ದು ಬಣ್ಣ. ಧ್ವಜಕಂಬದ ಮುಂದಿನ ಕಾಂಕ್ರೀಟಿನ ಮೇಲೆ ಎಂಟು ಜೊತೆ ಪಾದ ಬರೆಸಿದೆ. ಹಿಮ್ಮಡಿ ಕೂಡಿ, ಮುಂಗಾಲು ಮೂವತ್ತು ಡಿಗ್ರಿ ತೆರೆದಂತೆ, ಎನ್‌ಸಿಸಿಯಲ್ಲಿ ಹೇಳಿಕೊಡುವ ಹಾಗೇ. ಎನಾಮಲ್ ಬಣ್ಣ, ಬ್ರಷ್ಷು, ಪೇಂಟರ್ ಕೂಲಿ ಸೇರಿ 1,150 ರೂಪಾಯಿ. ನಿಮ್ಮ ಜಾಗ ಇದು ಸಾರ್ ಅಂತ ತೋರಿಸಿದರೆ ಸಾಕು, ಎಂಥ ದೊಡ್ಡ ಮನುಷ್ಯನೂ ಬಗ್ಗಿ ಪಾದ ನೋಡಿಕೊಂಡು ಅದರ ಮೇಲೆ ಸರಿಯಾಗಿ ನಿಲ್ಲುತ್ತಾನೆ. ಪಾದ ಸರಿಯಾದರೆ ಕೈ ತಾನಾಗಿ ಪಕ್ಕಕ್ಕೆ ಬರುತ್ತೆ. ಯಾಕೆ ಅಂತ ಕೇಳಬೇಡಿ, ಬರುತ್ತೆ. ಮಕ್ಕಳಿಗೆ ಎಲ್ಲರಿಗೂ ಬರೆಸಲು ದುಡ್ಡಿರಲಿಲ್ಲ. ಸಾಲಿನ ಮೊದಲನೆಯವನಿಗೂ ಕೊನೆಯವನಿಗೂ ಒಂದೊಂದು ಕಲ್ಲುಹಾಸು ಹೂತು ಅದರ ಮೇಲೆ ಬರೆದೆ. ನಡುವಿನವರು ಅವರನ್ನು ನೋಡಿ ನಿಲ್ಲುತ್ತಾರೆ.

ಧ್ವಜದ ಗಂಟು ಇನ್ನೊಂದು ಕಥೆ. ಎರಡು ವರ್ಷದ ಹಿಂದೆ ಹೂವಿನ ಪಕಳೆ ಜಾಸ್ತಿ ತುಂಬಿ ಕಟ್ಟಿದ್ದೆವು. ಹೆಡ್‌ಮಾಸ್ಟರು ಎಳೆದರೆ ಬಿಚ್ಚಲೇ ಇಲ್ಲ. ಅಷ್ಟರಲ್ಲಿ ಹುಡುಗಿ ಹಾಡು ಶುರು ಮಾಡಿಬಿಟ್ಟಳು. ಎಲ್ಲರೂ ಸಾವಧಾನ್, ಅವರೊಬ್ಬರೇ ಹಗ್ಗ ಜಗ್ಗುತ್ತಿದ್ದಾರೆ. ಹಾಡು ಮುಗಿದ ಮೇಲೆ ಪಕಳೆ ಉದುರಿತು. ಆವತ್ತಿನಿಂದ ಹಾಡು ಶುರು ಮಾಡುವುದು ನನ್ನ ಸನ್ನೆ ಸಿಕ್ಕ ಮೇಲೆಯೇ. ಸನ್ನೆ ಯಾವುದು ಅಂತ ಹುಡುಗಿಗೂ ನನಗೂ ಬಿಟ್ಟು ಯಾರಿಗೂ ಗೊತ್ತಿಲ್ಲ, ಇಲ್ಲೂ ಬರೆಯಲ್ಲ.

ಹೊಟ್ಟೆಯ ವಿಷಯ ಬೇಗ ಹೇಳಿ ಮುಗಿಸ್ತೀನಿ. ಪ್ರತಿ ಆಗಸ್ಟ್ 15ಕ್ಕೂ ಮೂರ್ನಾಲ್ಕು ಮಕ್ಕಳು ತಲೆ ಸುತ್ತಿ ಬೀಳುತ್ತಿದ್ದರು. ಶಾಲೆ ನಡೆಯುವ ದಿನ ಕ್ಷೀರಭಾಗ್ಯದ ಹಾಲು ಪ್ರಾರ್ಥನೆಗೆ ಮೊದಲೇ ಕೊಡಿಸುವ ಹಾಗೆ ಮಾಡಿಕೊಂಡೆ. ಹಬ್ಬದ ದಿನಕ್ಕೆ ಅಡುಗೆ ಅಮ್ಮಂದಿರ ಕಾಲು ಹಿಡಿದು ಬೆಳಿಗ್ಗೆ ಏಳಕ್ಕೆ ಅವಲಕ್ಕಿ ಒಗ್ಗರಣೆ. ಅವಲಕ್ಕಿ, ಎಣ್ಣೆ, ಕಡಲೆಬೀಜ ಸೇರಿ ಎರಡು ಸಾವಿರ ಆಗಿರಬಹುದು, ದಾನಿಗಳು ಕೊಟ್ಟರು. ಹೋದ ವರ್ಷ ಒಬ್ಬರೂ ಬೀಳಲಿಲ್ಲ. ಲಾಡು ಆಮೇಲೆ ಕೊಡುವುದು ಸರಿ, ಖಾಲಿ ಹೊಟ್ಟೆಯಲ್ಲಿ ಲಾಡಿಗೆ ಕಾಯಿಸುವುದು ಸರಿಯಲ್ಲ.

ಒಂದೆರಡು ಕೆಲಸಕ್ಕೆ ಬಾರದ ಪ್ರಯೋಗ ಮಾಡಿದ್ದೂ ಇದೆ. ಕಣ್ಣು ಮುಚ್ಚಿ ನಿಲ್ಲಿಸಿದೆ, ಆರನೇ ಸೆಕೆಂಡಿಗೇ ತೂಗಾಡಿದರು. ಧ್ವಜದ ತುದಿ ನೋಡಲು ಹೇಳಿದೆ, ಸೂರ್ಯ ಕಣ್ಣಿಗೆ ಬಿದ್ದು ಸೀನು ಶುರುವಾಯಿತು. ಬರಿಗಾಲಿನಲ್ಲಿ ಚೆನ್ನಾಗಿ ನಿಲ್ಲುತ್ತಾರೆ, ಇರುವೆ ಬರುವ ತನಕ.

ಈ ಜೂನಿನಲ್ಲಿ ಎಂಟನೇ ತರಗತಿಗೆ ಹೊಸ ಮಕ್ಕಳು ನೂರಮೂವತ್ತು ಬಂದರು. ಮೊದಲ ದಿನ 71 ಸೆಕೆಂಡು, ಎರಡು ಸೀನು, ಒಂದು ಚಪ್ಪಲಿ ಹಾರಾಟ. ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು. ಪಾದದ ಬಣ್ಣವೂ ಮಾಸಿದೆ, ಇನ್ನೊಂದು ಲೀಟರ್ ಬೇಕು ಸಾರ್ ಅಂದೆ. ಹಳೆಯ 1,150ರ ಬಿಲ್ಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಿಗೆ ಇಡ್ತೀನಿ ಅಂತ ಹೇಳಿ ಒಳಗೆ ಹೋದರು. ಮೀಟಿಂಗು ಇನ್ನೂ ಆಗಿಲ್ಲ.